ದೇಶನೂರು ಗದ್ದೆಯ ಧಾರೆ

ಇವತ್ತು ಬೆಳಿಗ್ಗೆ ಮಗಳನ್ನು ಧಾರೆ ಎರೆದು ಕೊಡುವಾಗ ನನ್ನ ಚೊಂಬು ಓರೆಯಾಗಿ ನೀರು ಬದಿಗೆ ಹರಿಯಿತು. ನೆರೆದವರು ಹೆಣ್ಣು ಹೆತ್ತವನ ಸಂಕಟ ಎಂದುಕೊಂಡರು. ಪುರೋಹಿತರು ಮಾತ್ರ, "ರಾಯರ, ಚೊಂಬು ಗಟ್ಟಿ ಹಿಡೀರಿ, ನನ್ನ ಪಂಚಿಗೇ ಧಾರಿ ಆಗಾಕ ಹತ್ತೇತಿ" ಎಂದು ಎಲ್ಲರನ್ನೂ ನಗಿಸಿದರು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಮಗಳು ನನ್ನ ಮನಸ್ಸಿನಲ್ಲಿರಲಿಲ್ಲ. ಒದ್ದೆ ತುಳಸಿಯ ವಾಸನೆ ನನ್ನನ್ನು ಬಳ್ಳಾರಿಯ ಈ ಚಪ್ಪರದಿಂದ ಎತ್ತಿ ಸಿರುಗುಪ್ಪದ ಒಂದು ಪಡಸಾಲೆಯಲ್ಲಿ ಕೂರಿಸಿಬಿಟ್ಟಿತ್ತು. ಅಲ್ಲಿಯೂ ಹೀಗೆ ಒಂದು ಚೊಂಬು ಬಾಗಿತ್ತು. ನೀರು ಹಿಡಿಯಲು ಕೈಯೊಂದು ಮುಂದೆ ಬರಲಿಲ್ಲ, ಅಷ್ಟೇ.

ನರಹರಿ ನನ್ನ ಜೊತೆ ಮದರಾಸಿನ ಕಾಲೇಜಿನಲ್ಲಿ ಓದಿದವನು, ದೂರದ ನಂಟ. ವಿಧವೆಯಾಗಿದ್ದ ಅವನ ತಾಯಿಯನ್ನು ನಾನು ತುಂಗತ್ತೆ ಎಂದೇ ಕರೆಯುತ್ತಿದ್ದೆ. ನಾನು ಪದವಿ ಹೊತ್ತು ಊರಿಗೆ ಬಂದೆ. ಅವನು ಪದವಿಯ ಜೊತೆಗೆ ಕ್ರಿಸ್ತನನ್ನೂ ಕರೆದುಕೊಂಡು ಬಂದ. ಬಳ್ಳಾರಿಯಲ್ಲಿ ದೀಕ್ಷಾಸ್ನಾನವಾಯಿತು. ಜನಿವಾರ ಹೋಯಿತು, ಮನೆಯ ಪಂಕ್ತಿ ಹೋಯಿತು, ನಿಶ್ಚಯವಾಗಿದ್ದ ಹೆಣ್ಣೂ ಬೇರೆ ಮನೆ ಸೇರಿದಳು. ಅದಕ್ಕೂ ಮೊದಲೇ ಅವನ ಕೈಯಲ್ಲಿ ವಸ್ತು ನಿಲ್ಲುತ್ತಿರಲಿಲ್ಲವೆನ್ನಿ. ಅವನಿಗೆ ನಾನು ಕೊಟ್ಟ ಕೊಡೆಯನ್ನು ಮುಂದಿನ ವಾರ ಬ್ರೂಸ್‌ಪೇಟೆಯಲ್ಲಿ ಒಬ್ಬ ಸೊಪ್ಪಿನವಳ ತಲೆಯ ಮೇಲೆ ಕಂಡಿದ್ದೇನೆ. ಕೇಳಿದರೆ, "ಆಕಿಗೆ ಬಿಸಿಲು ಜಾಸ್ತಿ ಬಡೀತಿತ್ತು ಮಾರಾಯಾ" ಎಂದಿದ್ದ.

ಅವನಲ್ಲಿ ಉಳಿದದ್ದು ಒಂದೇ: ದೇಶನೂರಿನ ಕಾಲುವೆ ಕೆಳಗಿನ ಗದ್ದೆಯಲ್ಲಿ ತಂದೆಯ ಪಾಲು. ಮತ ಬಿಟ್ಟರೂ ಪಾಲು ಬಿಡಬೇಕಿಲ್ಲ ಎಂದು ಸರಕಾರದ ಕಾಯಿದೆ ಹೇಳುತ್ತಿತ್ತು. ಅದನ್ನು ನಾನು ಅವನಿಗೆ ಸಾಕಷ್ಟು ಗಂಭೀರವಾಗಿಯೇ ವಿವರಿಸಿದೆ.

"ಕ್ರಿಸ್ತಸ್ವಾಮಿ ಕರೆದ ಅಂತ ಮೀನಿನ ಬಲಿ ಬಿಟ್ಟು ಎದ್ದ ಬೆಸ್ತರು, ಮರುದಿನ ದಂಡಿಗೆ ಬಂದು ಬಲಿಯೊಳಗ ಪಾಲು ಕೇಳಿದ್ರ ಹೆಂಗಿರ್ತದಲೇ?" ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ಆ ಪಾಲು ನನ್ನ ಹೆಸರಿಗೆ ಇರೋತನಕ ಶೇಷಪ್ಪ ಕಾಕಾ ಅಮ್ಮನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ. ಹೇಳಿ ಕಳಿಸ್ಯಾನ. ಕೊಟ್ಟು ಬರೋಣ ನಡಿ."

ಸಿರುಗುಪ್ಪದಲ್ಲಿದ್ದ ಅವನ ಚಿಕ್ಕಪ್ಪನ ಮನೆಗೆ ಹೋದೆವು. ಕಾಗದ ಬರೆದರೆ ಸಾಕೆಂದು ನಾನು ಹೇಳಿದರೆ ಶೇಷಪ್ಪ ಕಾಕಾ ಒಪ್ಪಲಿಲ್ಲ. "ಸರಕಾರದ ಕಾಗದ ಇವತ್ತೊಂದು, ನಾಳಿ ಒಂದು. ಧಾರಿ ಎರದ್ರ ಮುಗೀತು ನೋಡು, ಕಾಲೇಜು ಪಂಡಿತಾ." ಸರಿ, ತುಳಸಿ ಬಂತು, ಚೊಂಬು ಬಂತು. ಮಂತ್ರವಾಯಿತು. ನರಹರಿ ಚೊಂಬು ಬಾಗಿಸಿದ. ಕಾಕಾ ಕೈಯೊಡ್ಡಿದವರು ಕೆಂಡ ಕಂಡವರಂತೆ ಹಿಂದಕ್ಕೆಳೆದುಕೊಂಡರು. ಜಾತಿ ಬಿಟ್ಟವನ ಕೈಯ ನೀರು! ಅಷ್ಟು ಹೊತ್ತು ಗದ್ದೆಯ ಗುಂಗಿನಲ್ಲಿ ಅವರಿಗೂ ಹೊಳೆದಿರಲಿಲ್ಲ, ತರ್ಕಶಾಸ್ತ್ರ ಓದಿದ ನನಗೂ ಹೊಳೆದಿರಲಿಲ್ಲ. ಹಿಡಿದರೆ ಜಾತಿ ಹೋಗುತ್ತದೆ, ಹಿಡಿಯದಿದ್ದರೆ ಗದ್ದೆ ಹೋಗುತ್ತದೆ. ಆಗ ಮೂಲೆಯಲ್ಲಿ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಕೆಡಿಸಿತು.

"ನಮ್ಮನ್ನ ನಗೆಪಾಟಲು ಮಾಡಾಕ ಬಂದೀಯೇನಲೇ?" ಎಂದು ಕಾಕಾನ ಹಿರಿಯ ಮಗ ಎದ್ದ. ತಲಬಾಗಿಲ ಅಗುಳಿ ಬಿತ್ತು. ಕೋಲುಗಳು ಎಲ್ಲಿಂದ ಬಂದವೋ ಕಾಣೆ. ಒಂದು ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು, ಗಾರೆ ಹೆಗಲ ಮೇಲೆ ಸುರಿಯಿತು. ಇಂದಿಗೂ ನಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ಅಗುಳಿ ಹಾಕಿದರೆ ನನ್ನ ಬೆನ್ನು ಕಂಬ ಹುಡುಕುತ್ತದೆ; ಮಕ್ಕಳು ಅದನ್ನು ನೋಡಲೆಂದೇ ಹಾಕುವುದುಂಟು. ಅಂದು ನರಹರಿಯ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ, ನೀರು ಚೆಲ್ಲೀತೆಂಬುದೊಂದೇ ಚಿಂತೆ ಎಂಬಂತೆ.

ಅಷ್ಟರಲ್ಲಿ ಅಡುಗೆಮನೆಯಿಂದ ತುಂಗತ್ತೆ ಬಂದರು. ಮೈಗೆ ಹಿಂಡದ ಕೆಂಪು ಸೀರೆ, ಬೋಳು ತಲೆಯ ಮೇಲೆ ಒದ್ದೆ ಸೆರಗು. ಮಡಿ. "ಸರೀರಿ" ಎಂದರು, ಅಷ್ಟೇ. ಕೋಲೆತ್ತಿದವರು ಕೋಲೆತ್ತಿಕೊಂಡೇ ಗೋಡೆಗೆ ಅಂಟಿ ನಿಂತರು. ಮಡಿಯವರಿಗೆ ದಾರಿ ಬಿಡುವುದು ಆ ಮನೆಯವರ ಕಾಲಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಸಿಟ್ಟು ತಲೆಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ. ಶೇಷಪ್ಪ ಕಾಕಾ ಕೂಡ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಅತ್ತೆ ತಾವೇ ಅಗುಳಿ ತೆಗೆದು ಓಣಿಗಿಳಿದರು. ಹಿಂದೆ ಒಂದು ಮಾರು ದೂರದಲ್ಲಿ ಚೊಂಬು ಹಿಡಿದೇ ಇದ್ದ ಮಗ; ಅವನಿಗೆ ಅಂಟಿಕೊಂಡೇ ನಾನು.

ನಮ್ಮ ಗಾಡಿಯ ಹತ್ತಿರ ಅವರು ತಿರುಗಿ ನಿಂತು ಬೊಗಸೆ ಒಡ್ಡಿದರು. "ಹೂಂ, ಎರಿ."

"ಅಮ್ಮಾ, ಬ್ಯಾಡ. ನಿನ್ನ ಒಳಗ ಸೇರಿಸಂಗಿಲ್ಲ."

"ನಿನ್ನ ಹಡೆದಾಗೂ ಮೈಲಿಗ್ಯಾಗೇ ಕೂತಿದ್ದೆ. ಎರಿ ಅಂದೆ."

ಅವನು ಎರೆದ. ಓಣಿಯೇ ನೋಡುತ್ತಿತ್ತು. ದೇಶನೂರಿನ ಗದ್ದೆ ಹೀಗೆ ತುಂಗತ್ತೆಯ ಬೊಗಸೆಗೆ ಬಂತು, ಅವರ ಮಡಿ ಹೋಯಿತು. ಒದ್ದೆ ಕೈಯನ್ನು ಮಗನ ಹಣೆಯ ಗಾಯದ ಮೇಲೆ ಒಮ್ಮೆ ಇಟ್ಟು, "ಇನ್ನ ಹೊಡಿ ಗಾಡಿ" ಎಂದರು.

ಮುಂದಿನದು ನಗುವ ಮಾತು. ಮೈಲಿಗೆಯಾದ ಅತ್ತಿಗೆಯಿಂದ ಗದ್ದೆ ಇಸಿದುಕೊಳ್ಳುವಂತಿಲ್ಲವಲ್ಲ? ಅದಕ್ಕೆ ಕಾಕಾ ಆಚಾರ್ಯರನ್ನು ಕರೆಸಿದರು, ಪ್ರಾಯಶ್ಚಿತ್ತ ಸಿಕ್ಕಿತು. ಶಾಸ್ತ್ರವು ಅಷ್ಟು ಚುರುಕಾಗಿ ಎದ್ದು ಕೂತದ್ದನ್ನು ನಾನು ಮತ್ತೆ ಕಂಡಿಲ್ಲ. ಪಂಚಗವ್ಯ ಕುಡಿಸಿ ಶುದ್ಧ ಮಾಡಿ, ಅದೇ ವಾರ ಅತ್ತೆಯ ಕೈಯಿಂದ ಗದ್ದೆಯನ್ನು ಧಾರೆ ಎರೆಸಿಕೊಂಡರು. ಆಮೇಲೆ ಬದುಕಿರುವ ನರಹರಿಯ ಹೆಸರಿನಲ್ಲಿ ಮಡಕೆ ಒಡೆದು ಶ್ರಾದ್ಧ ಮಾಡಿ ಮುಗಿಸಿದರು. ಸತ್ತವನ ಸುದ್ದಿ ಕೇಳುವಂತಿಲ್ಲ. ಹಾಗಾಗಿ ನಾನು ಸಿರುಗುಪ್ಪಕ್ಕೆ ಹೋದಾಗಲೆಲ್ಲ ಅತ್ತೆ ಪರರನ್ನು ಕುರಿತು ಕೇಳಿದಂತೆ, "ಕುರುಗೋಡದ ಸಾಲಿ ಮಾಸ್ತರು ಹೆಂಗದಾರ? ಹೊಟ್ಟಿಗೆ ತಿಂತಾರೇನು?" ಎನ್ನುತ್ತಿದ್ದರು. ನರಹರಿ ಕುರುಗೋಡಿನ ಬಂಡೆಗುಡ್ಡದ ಕೆಳಗೆ ಒಂದು ಕೋಣೆಯಲ್ಲಿ ಇದ್ದು ಮಕ್ಕಳಿಗೆ ಓದು ಕಲಿಸುತ್ತಾನೆ. ಕೋಣೆಯಲ್ಲಿ ಒಂದು ಚಾಪೆ ಇದೆ. ಹೋದವರಿಗೆ ಅದನ್ನು ಹಾಸಿ ತಾನು ನೆಲದ ಮೇಲೆ ಕೂರುತ್ತಾನೆ.

ಮದುವೆಯ ಅಡುಗೆಗೆಂದು ಅತ್ತೆ ಈಗ ನಮ್ಮಲ್ಲಿಗೆ ಬಂದಿದ್ದಾರೆ. ಊಟದ ಗದ್ದಲ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ನಾಳಿ ನಿನ್ನ ಗಾಡಿ ಕುರುಗೋಡಕ್ಕ ಕಳಸ್ತೀಯೇನು? ದೊಡ್ಡ ಬಸವಣ್ಣನ್ನ ನೋಡಬೇಕಾಗೇತಿ" ಎಂದರು.

"ಅತ್ತಿ, ಏಕಾದಶಿ ಬಿಡದ ನಿಮಗ ಬಸವಣ್ಣ ಯಾವಾಗಿಂದ್ರಿ?"

"ಯಾಕ, ಅವನೇನು ಬರಬ್ಯಾಡ ಅಂತಾನೇನು?"

"ಶೇಷಪ್ಪ ಕಾಕಾಗ ತಿಳಿದ್ರ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಗುತ್ತಿದ್ದರು. "ತಿಳೀಲಿ ಬಿಡು. ಈ ಸಲ ಇಸ್ಕೊಳ್ಳಾಕ ನನ್ನ ಹತ್ರ ಗದ್ದಿ ಇಲ್ಲ. ಪ್ರಾಯಶ್ಚಿತ್ತ ಯಾರು ಹುಡುಕ್ಯಾರು?"

ಹೊರಗೆ ಬಂದು ಗಾಡಿಯವನಿಗೆ ಹುಲ್ಲು ದಪ್ಪಗೆ ಹಾಸಲು ಹೇಳಿದೆ. "ಸಂಜಿಗೆ ತಿರುಗಿ ಕರಕೊಂಡು ಬರಬೇಕೇನ್ರಿ?" ಎಂದು ಅವನು ಕೇಳಿದ. ಅವರು ಹೇಳಿದಂತೆ ಮಾಡು ಎಂದೆ. ನಾಳೆ ನಾನೂ ಗಾಡಿಯ ಜೊತೆ ಹೋಗುವವನಿದ್ದೇನೆ. ಚಾಪೆ ಅತ್ತೆಗಿರಲಿ, ನಾನು ನೆಲದ ಮೇಲೆ ನರಹರಿಯ ಪಕ್ಕ ಕೂರುತ್ತೇನೆ.