ಬರೆದ ಬೆಲೆ, ಕೇಳಿದ ಬೆಲೆ

ನಮ್ಮ ಹಳೇ ಅಂಬಾಸಡರ್ ಕಾರಿಗೆ ಬೆಲೆ ಕಟ್ಟುವವರು ಎಂಟು ಲಕ್ಷವೆಂದು ಬರೆದುಕೊಟ್ಟರು. ಅಷ್ಟು ಬಂದರೆ ಮಾರುತ್ತೇನೆಂದು ಮಗ ಹೇಳಿದಾಗಿನಿಂದ ನನಗೆ ಅನ್ನ ಇಳಿಯಲಿಲ್ಲ. ಮೊಮ್ಮಗಳ ಮದುವೆ ಹತ್ತಿರದಲ್ಲೇ ಇತ್ತು. ಛತ್ರಕ್ಕೆ ಅದೇ ಕಾರಿನಲ್ಲಿ ಹೋಗಬೇಕೆಂದು ಅವಳಿಗೆ ಆಸೆ, ನನಗೆ ಅವಳಿಗಿಂತ ಹೆಚ್ಚು.

ಭಾನುವಾರ ಜಾಲಹಳ್ಳಿಯಿಂದ ಕೊಳ್ಳುವವನು ಬಂದ. ಬಾನೆಟ್ ಎತ್ತಿ ನೋಡಿದ. ನಾನು ಬಾಗಿಲಲ್ಲಿ ನಿಂತಿದ್ದೆ.

"ಎರಡೂವರೆ ಕೊಡ್ತೀನಿ ಸಾರ್."

"ಎಂಟು ಅಂತ ಬರ್ದಿದಾರಲ್ರೀ!" ಎಂದ ಮಗ.

"ಹಂಗಾದ್ರೆ ಬರ್ದೋರ್ಗೇ ಮಾರ್ಬಿಡಿ ಸಾರ್!"

ಮಗ ಸಿಟ್ಟಿನಿಂದ ಕಾರಿಗೆ ಮತ್ತೆ ಹೊದಿಕೆ ಎಳೆದ. ಕೊಳ್ಳಲು ಬಂದವನೆಲ್ಲಿ ಬೆಲೆ ಏರಿಸಿಬಿಡುತ್ತಾನೋ ಎಂದು ನಾನು ಓಡಿಹೋಗಿ ತುಪ್ಪ ಹಾಕಿದ ಒಬ್ಬಟ್ಟು ತಂದು ಅವನ ಕೈಗಿಟ್ಟೆ.

"ಯಾಪಾರಾನೇ ಕುದುರ್ಲಿಲ್ಲ, ಒಬ್ಬಟ್ಟು ಯಾಕಜ್ಜಿ?"

"ಬಾಯ್ತುಂಬಾ ತಿನ್ನಪ್ಪ, ಇನ್ನೇನೂ ಮಾತಾಡ್ಬೇಡ," ಎಂದೆ.