ಮುಚ್ಚಳ ನನ್ನ ಕೈಯಲ್ಲಿತ್ತು

ನನ್ನ ಗಂಡ ಮೊದಲ ಸಲ ಹಾರುವ ಹಿಂದಿನ ದಿನ ಶನಿವಾರ. ಇವರು ಬೆಳಿಗ್ಗೆ ಎರಡು ಮನೆಯ ನೀರಿನ ಪಂಪು ರಿಪೇರಿ ಮಾಡಿ ಬಂದು, ಊಟ ಮಾಡಿ ಶೆಡ್ಡಿಗೆ ಹೋದರು. ನಾನು ಪಾತ್ರೆ ತೊಳೆದು ಹೋದೆ.

ಶೆಡ್ಡಿನಲ್ಲಿ ವಿಮಾನವಿತ್ತು. ಒಬ್ಬರೇ ಕೂರುವಂಥದ್ದು. ಆರು ವರ್ಷ ಕಟ್ಟಿದರು. ನನ್ನ ಗಂಡ ಏಳನೇ ಕ್ಲಾಸು ಓದಿದವರು. ಮೂವತ್ತು ವರ್ಷ ಪಂಪು, ಪೈಪು ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ರೆಕ್ಕೆ, ಬಾಲ ಎಲ್ಲ ಪುಸ್ತಕದ ನಕ್ಷೆ ನೋಡಿ ಮಾಡಿದರು. ಪೆಟ್ರೋಲಿನ ಟ್ಯಾಂಕು, ಪೈಪು ಮಾತ್ರ ತಮ್ಮದೇ ಲೆಕ್ಕ.

"ಪೈಪಿನ ವಿಷ್ಯ ನಂಗೆ ಯಾರು ಹೇಳ್ಕೊಡ್ಬೇಕು?" ಎನ್ನುತ್ತಿದ್ದರು.

ಟ್ಯಾಂಕು ತಲೆಯ ಮೇಲಿನ ರೆಕ್ಕೆಯಲ್ಲಿ. ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಬರಬೇಕು. ಪೈಪು ನಡುವೆ ಎಲ್ಲೂ ಮೇಲೇರಬಾರದು, ಗಾಳಿ ಕಟ್ಟಿಕೊಳ್ಳುತ್ತದೆ ಎಂದು ಮೂರು ಸಲ ಬಿಚ್ಚಿ ಮತ್ತೆ ಹಾಕಿದ್ದರು.

ಅವತ್ತು ಪೆಟ್ರೋಲು ಎಷ್ಟು ಇಳಿಯುತ್ತದೆಂದು ಅಳತೆ. ಮುಂದಿನ ಚಕ್ರದ ಕೆಳಗೆ ಇಟ್ಟಿಗೆ ಜೋಡಿಸಿ ಮೂತಿ ಎತ್ತಿದರು. ಮೇಲೇರುವಾಗ ಹಾಗಿರುತ್ತದಂತೆ. ಎಂಜಿನ್ನಿನ ಹತ್ತಿರ ಪೈಪು ಬಿಚ್ಚಿ ಅಳತೆಯ ಜಗ್ಗು ಹಿಡಿದರು. ನಾನು ಸ್ಟೂಲಿನ ಮೇಲೆ. ಒಂದು ಕೈಯಲ್ಲಿ ಪೆಟ್ರೋಲಿನ ಕ್ಯಾನು, ಇನ್ನೊಂದರಲ್ಲಿ ಟ್ಯಾಂಕಿನ ಮುಚ್ಚಳ.

"ಬಿದ್ದುಗಿದ್ದೀಯ. ನಿನ್ನ ರಿಪೇರಿ ನಂಗೆ ಬರಲ್ಲ."

"ಮದ್ವೆಯಾದ ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡ್ತಿದೀರ. ಸುಮ್ನೆ ಗಡಿಯಾರ ನೋಡಿ."

ನಿಮಿಷಕ್ಕೆ ಅರ್ಧ ಲೀಟರ್ ಬಂದರೆ ಸಾಕಿತ್ತು. ಮುಕ್ಕಾಲು ಬಂತು. ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಭಾನುವಾರ ಬೆಳಿಗ್ಗೆ ಟ್ಯಾಂಕು ತುಂಬಿಸಿ, ಮುಚ್ಚಳ ಬಿಗಿದು, ಊರಾಚೆಯ ಬಯಲಿನಿಂದ ಹಾರಿದರು. ಅದೇ ಮೊದಲು. ಹತ್ತು ನಿಮಿಷಕ್ಕೆ ಎಂಜಿನ್ ನಿಂತಿತು. ಉತ್ತ ಹೊಲದಲ್ಲಿ ಬಿತ್ತು. ನಾನು ನೋಡಿದೆ. ಇವರು ಉಳಿಯಲಿಲ್ಲ.

ಎಂಟು ದಿನ ಬಿಟ್ಟು ತನಿಖೆಯವರು ಮನೆಗೆ ಬಂದರು.

"ಟ್ಯಾಂಕಿನೊಳಕ್ಕೆ ಗಾಳಿ ಹೋಗೋ ಸಣ್ಣ ಕೊಳವೆ ಇದೆಯಲ್ಲಮ್ಮ, ಅದ್ರಲ್ಲಿ ಮಣ್ಣು ಸಿಕ್ತು. ಗಾಳಿ ಹೋಗ್ದಿದ್ರೆ ಪೆಟ್ರೋಲ್ ಇಳಿಯಲ್ಲ. ಆದ್ರೆ ನೋಟುಬುಕ್ಕಲ್ಲಿ ನೋಡಿದ್ರೆ ಹಿಂದಿನ ದಿನದ ಅಳತೆ ಚೆನ್ನಾಗೇ ಬಂದಿದೆ. ಅಂದ್ರೆ ಕೊಳವೆ ಸರಿ ಇತ್ತು, ಮಣ್ಣು ಹೊಲದಲ್ಲಿ ಹೊಕ್ಕಿದ್ದು. ಎಂಜಿನ್ನೇ ಕೈ ಕೊಟ್ಟಿರ್ಬೇಕು."

ಎಂಜಿನ್ ಹಳೆಯದು. ಸರಿಮಾಡಿ ಕೊಟ್ಟವನು ಮೂಲೆ ಗ್ಯಾರೇಜಿನ ಮೆಕ್ಯಾನಿಕ್. ಅವನದೇ ತಪ್ಪೆಂದು ಊರಲ್ಲೆಲ್ಲ ಮಾತು. ಎಂಟು ದಿನದಿಂದ ಅವನ ಗ್ಯಾರೇಜಿಗೆ ಒಂದು ಗಾಡಿಯೂ ಬಂದಿರಲಿಲ್ಲ.

ಮುಚ್ಚಳದ ವಿಷಯ ಮೈದುನನಿಗೊಬ್ಬನಿಗೆ ಹೇಳಿದ್ದೆ. ಅವನು ನನ್ನನ್ನು ಅಡುಗೆಮನೆಗೆ ಕರೆದ.

"ಅತ್ತಿಗೆ, ಬಾಯಿ ಬಿಡ್ಬೇಡಿ. ಅಣ್ಣಂಗೆ ಪೈಪಿನ ಕೆಲ್ಸಾನೇ ಗೊತ್ತಿರ್ಲಿಲ್ಲ ಅಂತ ಬರ್ಕೋತಾರೆ."

"ಆ ಮೆಕ್ಯಾನಿಕ್ಕು?"

"ಅವನು ಬದುಕಿದಾನಲ್ಲ. ಹೇಗೋ ಸುಧಾರಿಸ್ಕೋತಾನೆ."

ಹೊರಗೆ ಬಂದೆ.

"ಅಳೆಯೋವಾಗ ಮುಚ್ಚಳ ನನ್ನ ಕೈಲಿತ್ತು ಸಾರ್. ಟ್ಯಾಂಕಿನ ಬಾಯಿ ತೆರೆದಿತ್ತು."

ಬಾಯಿ ತೆರೆದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಕೊಳವೆ ಕಟ್ಟಿದ್ದರೂ ಗೊತ್ತಾಗುವುದಿಲ್ಲ. ನೀರಿನ ಟ್ಯಾಂಕಿನ ಮುಚ್ಚಳ ಯಾರು ಬಿಗಿಯುತ್ತಾರೆ? ಬಾಯಿ ತೆರೆದೇ ಅಳೆಯುವುದು ಇವರಿಗೆ ಮೂವತ್ತು ವರ್ಷದ ರೂಢಿ. ಬಣ್ಣ ಒಣಗಲೆಂದು ವಿಮಾನ ಮೂರು ವಾರ ನಿಂತಿತ್ತು. ಶೆಡ್ಡಿನಲ್ಲಿ ಕಣಜದ ಹುಳುಗಳು ತೂತು ಕಂಡಲ್ಲೆಲ್ಲ ಮಣ್ಣು ಮೆತ್ತುತ್ತವೆ. ಅದನ್ನೂ ಹೇಳಿದೆ.

ಬರೆದುಕೊಂಡರು. ಓದಿ ಹೇಳಿದರು. ಸಹಿ ಹಾಕಿದೆ.

ಮೈದುನ ಅವತ್ತು ಹೋದವನು ಮತ್ತೆ ಬಂದಿಲ್ಲ. ಮೆಕ್ಯಾನಿಕ್ ಒಮ್ಮೆ ಬಂದ. ಬಾಗಿಲಲ್ಲೇ ನಿಂತ.

"ಅಕ್ಕಾ, ನೀವು ಸುಮ್ನಿದ್ರೂ ಆಗ್ತಿತ್ತು."

"ನಿನಗೆ ಆಗ್ತಿತ್ತಾ?"

ಒಳಗೆ ಬಂದು ಕೂತ. ಟೀ ಕುಡಿದು ಹೋದ.

ಈಗ ಶೆಡ್ಡಿನಲ್ಲಿ ಪಂಪಿನ ಹಳೇ ಪೈಪುಗಳು ಮಾತ್ರ, ಗೋಡೆಗೆ ಒರಗಿವೆ. ಹುಳುಗಳು ಅವನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಕಬ್ಬಿಣದ ಕಡ್ಡಿ ಹಿಡಿದು ಹೋಗುತ್ತೇನೆ. ಒಂದೊಂದೇ ಪೈಪಿಗೆ ಚುಚ್ಚಿ ಮಣ್ಣು ಉದುರಿಸುತ್ತೇನೆ. ಹದಿನೇಳು ಪೈಪು. ಗುಡಿಸಿ ಹೊರಗೆ ಹಾಕಿ, ಕೈ ತೊಳೆದು, ಹಾಲು ಕಾಯಿಸಲು ಇಡುತ್ತೇನೆ.