ನಿನ್ನ ಶ್ರುತಿ ಕರಿ ಮೂರು

ರೇಷ್ಮಾ, ನಿನಗೆ ಹಾಡಲು ಸುರ ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ತಿಳಿಯದೆ ಹೇಳಿದ್ದಲ್ಲ — ಗೊತ್ತಿದ್ದೇ ಹೇಳಿದೆ. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮ ಮನೆಗೆ ಬಂದೆ, ಚಹಾ ಕುಡಿದೆ, ಈದ್ ದಿನ ಶೀರ್ ಖುರ್ಮಾ ಎರಡನೇ ಸಲ ಹಾಕಿಸಿಕೊಂಡೆ. ನಾಚಿಕೆಗೇಡಿ, ಇನ್ನೇನು.

ನಮ್ಮ ಆ ಮೊದಲ ಹಾಡು ಹುಟ್ಟಿದ್ದೇ ನಿನ್ನಿಂದ. ಹುಬ್ಬಳ್ಳಿಯ ಕಾಲೇಜಿಗೆ ನೀನು ನವಲಗುಂದದ ಬಸ್ಸಿಳಿದು ಬರುತ್ತಿದ್ದೆ, ನಾನು ಕುಂದಗೋಳದ ರೈಲಿಳಿದು. ಒಂದು ಮಧ್ಯಾಹ್ನ ಊಟದ ಡಬ್ಬಿಯ ಮೇಲೆ ನೀನು ಬೆರಳಿನಿಂದ ತಾಳ ಹಾಕಿದೆ — ನಿಮ್ಮ ಅಮ್ಮಿ ಜಮಖಾನ ನೇಯುವಾಗ ಪಂಜಾದಿಂದ ನೂಲು ಬಡಿಯುವ ಸಪ್ಪಳವದು. ಅದರ ಮೇಲೆ ನೀನು ಉರ್ದುವಿನಲ್ಲಿ ಒಂದಿಷ್ಟು ಕಟ್ಟಿದೆ, ನಾನು ಕನ್ನಡದಲ್ಲಿ. ಬೆಳಗಿನ ಬಸ್ಸು, ರೈಲು ಕಾಯುವ ಇಬ್ಬರು ಹುಡುಗಿಯರ ಹಾಡು. “ಇದನ್ನ ರೆಕಾರ್ಡ್ ಮಾಡಿಸಿ ಯೂಟ್ಯೂಬ್‌ಗೆ ಬಿಡೂಣು ಬೇ, ಇಬ್ಬರೂ ಕೂಡಿ” ಎಂದವಳೂ ನೀನೇ.

ಅಣ್ಣಿಗೇರಿಯಲ್ಲಿ ಮದುವೆ ವಿಡಿಯೋ ತೆಗೆಯುವ ಮಂಜಣ್ಣ, ಅಂಗಡಿಯ ಹಿಂದಿನ ಖೋಲಿಯ ಗೋಡೆಗೆ ಚಾದರ ಹೊಡೆದು ರೆಕಾರ್ಡಿಂಗೂ ಮಾಡುತ್ತಿದ್ದ. ಮೊದಲ ದಿನ ನೀನು ಸುಮ್ಮನೆ ಹಾಡಿ ತೋರಿಸಿದೆ. ಅವನು ಮೊಬೈಲ್ ಕೆಳಗಿಟ್ಟ. “ಅಯ್ಯಯ್ಯ, ಏನ್ ದನಿರೀ ಅಕ್ಕಾರ! ಅಗದಿ ಎದಿಗೇ ಬಡೀತು ನೋಡ್ರಿ.” ಆಮೇಲೆ ನಾನು ಹಾಡಿದೆ. “ಚಲೋ ಐತ್ರಿ,” ಎಂದ. ಅಷ್ಟೇ. ಸಣ್ಣವಳಿದ್ದಾಗಿನಿಂದ ಗುರುಗಳ ಮುಂದೆ ಕೂತು ಗಂಟಲು ಹರಿದುಕೊಂಡವಳು ನಾನು. ನೀನೋ ಒಂದು ದಿನ ಪಾಠಕ್ಕೆ ಹೋದವಳಲ್ಲ. ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ.

ನಮ್ಮ ಗುರುಗಳು ಹೊಸಬರಿಂದ ಮೊದಲ ದಿನ ಏನೂ ಹಾಡಿಸುತ್ತಿರಲಿಲ್ಲ. ಹಾರ್ಮೋನಿಯಂನ ಬಿಳಿ, ಕರಿ ಮನೆಗಳನ್ನು ಒಂದೊಂದಾಗಿ ಒತ್ತುತ್ತ, ಆ ದನಿ ಎಲ್ಲಿ ಸುಖವಾಗಿ ಕೂಡುತ್ತದೆಂದು ಹುಡುಕುತ್ತಿದ್ದರು. ಅದೇ ಅವರವರ ಶ್ರುತಿ. ನನ್ನದು ಕರಿ ಐದು, ಅಂದರೆ ಐದನೇ ಕರಿ ಮನೆ, ಎತ್ತರ. ನಿನ್ನದು ಕರಿ ಮೂರು, ಬಹಳ ಕೆಳಗೆ — ಡಬ್ಬಿ ಬಾರಿಸಿದ ದಿನವೇ ನನಗೆ ತಿಳಿದಿತ್ತು. ಇಬ್ಬರು ಕೂಡಿ ಹಾಡಬೇಕೆಂದರೆ ನಡುವೆ ಎಲ್ಲಾದರೂ ಹೊಂದಿಸಿಕೊಳ್ಳಬೇಕು. ಹಾಡುಗಾರರ ಊರಾದ ನಮ್ಮ ಕುಂದಗೋಳದಲ್ಲಿ ಇದು ಗೊತ್ತಿಲ್ಲದ ಮಾತೇನಲ್ಲ.

ರೆಕಾರ್ಡಿಂಗ್ ದಿನ ನೀನು ಬರುವ ಮುಂಚೆ ನಾನು ಮಂಜಣ್ಣನಿಗೆ ಹೇಳಿದೆ: “ಕರಿ ಐದರಾಗ ಇಡ್ರಿ.”

“ರೇಷ್ಮಾ ಅಕ್ಕಾರ್ಗೆ ಎತ್ತರ ಆಗಂಗಿಲ್ಲೇನ್ರಿ?”

“ಇಲ್ರಿ, ಕೇಳೀನಿ ಅಕಿನ್ನ. ನಡೀತೈತಂತ.”

ನಾನು ನಿನ್ನನ್ನು ಕೇಳಿರಲೇ ಇಲ್ಲ.

ಪಲ್ಲವಿಯ ಎತ್ತರದ ಸಾಲಿಗೆ ನಿನ್ನ ದನಿ ಒಡೆಯಿತು. ನೀನು ಮತ್ತೆ ಹಾಡಿದೆ, ಮತ್ತೆ ಒಡೆಯಿತು. ನೀರು ಕುಡಿದೆ, ದುಪಟ್ಟಾದಿಂದ ಮುಖ ಒರೆಸಿಕೊಂಡು ಮತ್ತೆ ನಿಂತೆ. ಶ್ರುತಿ ಇಳಿಸಬಹುದು ಅನ್ನುವುದೇ ನಿನಗೆ ಗೊತ್ತಿರಲಿಲ್ಲ — ಗೊತ್ತಿದ್ದವಳು ನಾನು ಬಾಜೂಕೆ ನಿಂತಿದ್ದೆ. ಮಂಜಣ್ಣ ಚಹಾ ಹೇಳಲು ಹೊರಗೆ ಹೋದ. ನೀನು ನನ್ನನ್ನೇ ಕೇಳಿದೆ, ಇನ್ನಾರನ್ನು ಕೇಳುತ್ತೀ — “ಹಿಂಗ್ಯಾಕ ಆಗಾಕತ್ತೈತಿ ಬೇ?”

“ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನಗ ಸುರಾನ ಇಲ್ಲ.”

ನೀನು ಸಿಟ್ಟಾಗಲಿಲ್ಲ. ಹೌದಾ, ಎಂದು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟೆ. ನಿನ್ನ ಸಾಲುಗಳನ್ನೂ ನಾನೇ ಹಾಡಿದೆ. ರೇಷ್ಮಾಗೆ ಮನಸ್ಸಿಲ್ಲವಂತೆ, ಎಂದು ಮಂಜಣ್ಣನಿಗೆ ಇನ್ನೊಂದು ಸುಳ್ಳು. ಹಾಡು ಹೊರಗೆ ಬಂತು. ನಮ್ಮ ಮೊದಲ ಹಾಡು, ಇಬ್ಬರ ಹೆಸರಲ್ಲಿ, ಒಬ್ಬಳ ದನಿಯಲ್ಲಿ. ಮಂದಿ ಹೊಗಳಿದರು, ನಾನು ಉಬ್ಬಿದೆ. ನೀನು ಅದನ್ನು ಬಳಗಕ್ಕೆಲ್ಲ ಕಳಿಸಿ, “ನಮ್ಮ ಹಾಡು” ಎಂದು ಬರೆದಿದ್ದೆ.

ಹೋದ ತಿಂಗಳು ನಿನ್ನ ತಂಗಿಯ ಮದುವೆಗೆ ಬಂದಿದ್ದೆನಲ್ಲ. ಹೆಂಗಸರೆಲ್ಲ ಢೋಲಕಿ ಸುತ್ತ ಕೂತು ಹಾಡುತ್ತಿದ್ದರು. ನಿನ್ನ ಖಾಲಾ, ನಿಮ್ಮ ಅಮ್ಮಿಯ ತಂಗಿ, ಹಾಡು ಹಾಡು ಎಂದು ನಿನಗೆ ಗಂಟುಬಿದ್ದರು. ಸುರ ಇಲ್ಲ ನನಗೆ, ಎಂದು ನೀನು ನಕ್ಕು, ಚಪ್ಪಾಳೆಯನ್ನಷ್ಟೇ ತಟ್ಟಿದೆ. ಮಗ್ಗದ ಮುಂದೆ ಕೂತು ನೇಯುವಾಗಲೂ ಹಾಡಿಗೆ ಬಾಯಿ ಬಿಡುವುದಿಲ್ಲ ಈ ಹುಡುಗಿ, ಎಂದರು ನಿನ್ನ ಅತ್ತೆ. ಆಮೇಲೆ ನನ್ನ ತಾಟಿಗೆ ಸಿಹಿ ಅನ್ನದ ಜರ್ದಾ ಹಾಕುತ್ತ ನೀನು ಅಂದ ಮಾತು —

“ಅವತ್ತ ನೀ ಖರೇ ಹೇಳಿದ್ದು ಚಲೋ ಆತು ನೋಡವಾ. ಇಲ್ಲಾಂದ್ರ ಮಂದಿ ಮುಂದ ಹಾಡಿ ನಗಿಗೀಡ ಆಗ್ತಿದ್ದೆ. ಉಳಿದವ್ರು ಯಾರ ಹೇಳ್ತಿದ್ರು?”

ಬೈದಿದ್ದರೆ ತಾಳುತ್ತಿದ್ದೆ. ನೀನು ಉಪಕಾರ ನೆನೆಸಿದೆ.

ಬರುವ ಶುಕ್ರವಾರ ನವಲಗುಂದಕ್ಕೆ ಬರುತ್ತೇನೆ. ಇದನ್ನೆಲ್ಲ ನಿನಗೆ ಓದಿ ಹೇಳುತ್ತೇನೆ. ನಿನ್ನ ಖಾಲಾ, ನಿನ್ನ ಅತ್ತೆ ಎದುರಿಗಿರಲಿ — ಸುರ ಇಲ್ಲ ಅನ್ನುವುದನ್ನು ಕೇಳಿದವರು ಇದನ್ನೂ ಕೇಳಬೇಕು. ಹಾರ್ಮೋನಿಯಂ ತರುತ್ತೇನೆ. ಕರಿ ಮೂರು ಒತ್ತಿ ಹಿಡಿದು ಕೂಡುತ್ತೇನೆ. ನೀನು ಹಾಡಬಹುದು, ಎದ್ದು ಹೋಗಬಹುದು, ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಅನ್ನಲೂಬಹುದು. ಅದು ನಿನ್ನ ಮರ್ಜಿ.

ನಿನಗೆ ಸುರ ಇತ್ತು, ರೇಷ್ಮಾ. ಅದನ್ನು ಎಲ್ಲರಿಗಿಂತ ಮೊದಲು ಕೇಳಿದವಳು ನಾನು.